‘ಹೆಚ್ಚು ಕೊಟ್ಟಿದ್ದೇವೆ, ವಾಪಸ್ ಕಟ್ಟಿ’ ಅಂದರೆ ಕಟ್ಟಲೇಬೇಕೆ?

ನಿವೃತ್ತ ನೌಕರರು, ಕುಟುಂಬ ಪಿಂಚಣಿ ಪಡೆಯುವ ತಾಯಂದಿರ ಪರವಾಗಿ ಮಕ್ಕಳು, ಇನ್ನೇನು ಆರು ತಿಂಗಳಲ್ಲಿ ನಿವೃತ್ತರಾಗುವವರು ಎಲ್ಲರೂ ಕೇಳುವುದು ಇದನ್ನೇ. ಕಚೇರಿಯಿಂದಲೋ ಖಜಾನೆಯಿಂದಲೋ ಬ್ಯಾಂಕಿನಿಂದಲೋ ಒಂದು ಪತ್ರ ಬಂದಿರುತ್ತದೆ. ‘ತಮಗೆ ಇಂಥ ದಿನಾಂಕದಿಂದ ಹೆಚ್ಚುವರಿಯಾಗಿ ಪಾವತಿಯಾಗಿದ್ದು, ಸದರಿ ಮೊತ್ತವನ್ನು ಹದಿನೈದು ದಿನಗಳೊಳಗೆ ಸರ್ಕಾರಕ್ಕೆ ಜಮಾ ಮಾಡತಕ್ಕದ್ದು, ತಪ್ಪಿದಲ್ಲಿ ಪಿಂಚಣಿಯಲ್ಲಿ ಕಟಾಯಿಸಲಾಗುವುದು.’ ಮೊತ್ತ ಎರಡು ಲಕ್ಷವೂ ಇರಬಹುದು, ಎಂಟು ಲಕ್ಷವೂ ಇರಬಹುದು. ಕಟ್ಟಲೇಬೇಕಾ ಎಂಬುದು ಪ್ರಶ್ನೆ.

ಬಹಳಷ್ಟು ಸಂದರ್ಭಗಳಲ್ಲಿ ಕಟ್ಟಬೇಕಾಗಿಲ್ಲ. ಆದರೆ ಹೆಚ್ಚಿನವರು ತಪ್ಪು ಜಾಗದಲ್ಲಿ ಜಗಳ ಶುರುಮಾಡಿ ಗೆಲ್ಲಬೇಕಾದ ಕೇಸು ಕೆಡಿಸಿಕೊಳ್ಳುತ್ತಾರೆ. ‘ತಪ್ಪು ನಿಮ್ಮದು, ನಾನ್ಯಾಕೆ ಕಟ್ಟಲಿ’ ಎಂದು ಎರಡು ಸಾಲು ಬರೆದು ಸುಮ್ಮನಾಗುವುದು ಉತ್ತರವಲ್ಲ. ತಪ್ಪಿನಿಂದ ಹಣ ಪಡೆದವನು ಅದನ್ನು ಹಿಂದಿರುಗಿಸಬೇಕು ಎಂದು 1872ರ ಕರಾರು ಕಾಯ್ದೆಯ 72ನೇ ಕಲಮೇ ಹೇಳುತ್ತದೆ. ಇಲಾಖೆಯವರ ಬಲ ಇರುವುದು ಅಲ್ಲಿ. ನಿಮ್ಮ ಬಲ ಇರುವುದು ಬೇರೆ ಕಡೆ.

ಮೊದಲು ಎರಡು ಪ್ರಶ್ನೆಗಳನ್ನು ಬಿಡಿಸಿಟ್ಟುಕೊಳ್ಳಿ. ಒಂದು, ನಿಜವಾಗಿಯೂ ಹೆಚ್ಚು ಪಾವತಿಯಾಗಿದೆಯೇ, ಆಗಿದ್ದರೆ ಎಷ್ಟು? ಎರಡು, ಹೆಚ್ಚಾಗಿದ್ದರೂ ಅದನ್ನು ಈಗ ವಸೂಲಿ ಮಾಡಬಹುದೇ? ಮೊದಲನೆಯದು ಲೆಕ್ಕದ ವಿಷಯ, ಎರಡನೆಯದು ಕಾನೂನಿನ ವಿಷಯ. ಎರಡನ್ನೂ ಒಂದೇ ಅರ್ಜಿಯಲ್ಲಿ ಎತ್ತಬಹುದು, ಎತ್ತಲೇಬೇಕು. ಆದರೆ ಕಲಸಬಾರದು. ‘ಹೆಚ್ಚಾಗಿಲ್ಲ, ಒಂದು ವೇಳೆ ಆಗಿದ್ದರೂ ವಸೂಲಿಗೆ ಅವಕಾಶವಿಲ್ಲ’ ಎಂಬ ಕ್ರಮದಲ್ಲೇ ಬರೆಯಬೇಕು. ಎರಡನೆಯದನ್ನಷ್ಟೇ ಹಿಡಿದುಕೊಂಡವರು ಮೊದಲನೆಯದನ್ನು ಒಪ್ಪಿಕೊಂಡಂತಾಗುತ್ತದೆ, ಮುಂದಿನ ತಿಂಗಳಿಂದ ಪಿಂಚಣಿ ಕಡಿಮೆಯಾದಾಗ ಮಾತಾಡಲು ಬಾಯಿರುವುದಿಲ್ಲ.

ಇಲ್ಲೇ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಸರಿಪಡಿಸಿಬಿಡುತ್ತೇನೆ. ಹಿಂದೆ ಕೊಟ್ಟದ್ದನ್ನು ವಸೂಲಿ ಮಾಡಬಾರದು ಎಂದ ಮಾತ್ರಕ್ಕೆ ತಪ್ಪು ಪಿಂಚಣಿ ಕೊನೆತನಕ ಹಾಗೇ ಮುಂದುವರಿಯಬೇಕು ಎಂದರ್ಥವಲ್ಲ. 2022ರ ಮಾರ್ಚ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ವಿರುದ್ಧ ಮಧುಕರ ಅಂತು ಪಾಟೀಲ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮಾಡಿದ್ದು ಅದನ್ನೇ: ಕಾಲಬದ್ಧ ಬಡ್ತಿ ತಪ್ಪಾಗಿ ಕೊಡಲಾಗಿತ್ತು, ಆದ್ದರಿಂದ ವೇತನ ಮತ್ತು ಪಿಂಚಣಿಯನ್ನು ಇಳಿಸಿ ನಿಗದಿ ಮಾಡಿದ್ದು ಸರಿ, ಆದರೆ ನಿವೃತ್ತಿಯ ನಂತರ ಹಳೆಯ ಹಣ ವಾಪಸ್ ಕೇಳುವಂತಿಲ್ಲ. ಕೇಸು ಗೆದ್ದ ಮೇಲೂ ಪಿಂಚಣಿ ಸ್ವಲ್ಪ ಇಳಿಯಬಹುದು ಎಂಬುದಕ್ಕೆ ಮೊದಲೇ ಸಿದ್ಧರಿರಿ.

ಈಗ ಲೆಕ್ಕ. ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಒಂದು ಒಟ್ಟು ಮೊತ್ತ ಬರೆದಿರುತ್ತವೆ, ಬೇರೇನೂ ಇರುವುದಿಲ್ಲ. ನಿಮಗೆ ಬೇಕಿರುವುದು ಕಚೇರಿಗಳಲ್ಲಿ ‘ಡ್ಯೂ-ಡ್ರಾನ್ ಸ್ಟೇಟ್‌ಮೆಂಟ್’ ಅನ್ನುವ ತಖ್ತೆ. ಪ್ರತಿ ತಿಂಗಳಿಗೂ ಒಂದು ಸಾಲು: ಪಾವತಿಸಿದ ಮೂಲ ವೇತನ, ಪಾವತಿಸಬೇಕಿದ್ದ ಮೂಲ ವೇತನ, ಅದರ ಮೇಲಿನ ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ, ಕೊನೆಗೆ ವ್ಯತ್ಯಾಸ. ಇದಿಲ್ಲದೆ ಬಂದ ಬೇಡಿಕೆಗೆ ಉತ್ತರ ಕೊಡುವುದು ಸಾಧ್ಯವೇ ಇಲ್ಲ ಎಂದು ಬರೆದು ತಖ್ತೆ ಕೇಳುವುದು ನಿಮ್ಮ ಮೊದಲ ಪತ್ರ. ಅದರ ಜೊತೆಗೆ ಆಕ್ಷೇಪಣೆ ಎಲ್ಲಿಂದ ಹುಟ್ಟಿತು ಎಂಬುದರ ಪ್ರತಿಯನ್ನೂ ಕೇಳಿ: ಸರ್ಕಾರದ ಲೆಕ್ಕಪತ್ರ ನೋಡುವ ಮಹಾಲೇಖಪಾಲರ ಪತ್ರವೋ, ಆಡಿಟ್ ವರದಿಯ ಕಂಡಿಕೆಯೋ, ಖಜಾನೆಯ ಟಿಪ್ಪಣಿಯೋ. ಸೇವಾ ವಹಿಯಲ್ಲಿ ಆಯಾ ವೇತನ ನಿಗದಿಯ ಪುಟಗಳು, ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ ಎಂದು ನೀವು ಬರೆದುಕೊಟ್ಟಿದ್ದೀರಿ ಎನ್ನುವ ಮುಚ್ಚಳಿಕೆ ಪತ್ರ ಇದ್ದರೆ ಅದರ ಪ್ರತಿ, ಇವೂ ಬೇಕು. ವಿಷಯ ನಿರ್ವಾಹಕರು ‘ನೋಡೋಣ ಸಾರ್’ ಎಂದರೆ ಅದೇ ದಿನ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಅರ್ಜಿ ಹಾಕಿ. ಮೂವತ್ತು ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ. ನಿಮ್ಮದೇ ಸೇವಾ ವಹಿಗೆ ‘ಖಾಸಗಿ ಮಾಹಿತಿ’ ಎಂಬ ನೆಪ ನಡೆಯುವುದಿಲ್ಲ.

ತಖ್ತೆ ಕೈಗೆ ಬಂದ ಮೇಲೆ ಎಲ್ಲಿ ನೋಡಬೇಕು? ರಾಜ್ಯ ಸರ್ಕಾರಿ ನೌಕರರ ವಿಷಯದಲ್ಲಿ ಕಣ್ಣಿಗೆ ಬೀಳುವ ತಪ್ಪುಗಳು ಬಹುಪಾಲು ಇವೇ.

ಕಾಲಮಿತಿ ವೇತನ ಬಡ್ತಿಯನ್ನೇ ತೆಗೆದುಕೊಳ್ಳಿ, ಅಂದರೆ ಒಂದೇ ಹುದ್ದೆಯಲ್ಲಿ ಹತ್ತು ವರ್ಷ ಕಳೆದವರಿಗೆ ಸಿಗುವ ಮೇಲಿನ ವೇತನ ಶ್ರೇಣಿ. ಹತ್ತು ವರ್ಷ ಲೆಕ್ಕ ಹಾಕುವಾಗ ವೇತನರಹಿತ ರಜೆಯ ಒಂದು ವರ್ಷವನ್ನು ಬಿಟ್ಟಿಲ್ಲ, ಆದ್ದರಿಂದ ಬಡ್ತಿ ಒಂದು ವರ್ಷ ಮೊದಲೇ ಸಿಕ್ಕಿದೆ ಎಂದು ಆಕ್ಷೇಪಣೆ. ಸರಿ, ಒಂದು ವರ್ಷ ಮುಂದೂಡಬೇಕು. ಆದರೆ ತಖ್ತೆ ತಯಾರಿಸಿದವರು ಆ ಬಡ್ತಿಯನ್ನು ಮುಂದೂಡುವ ಬದಲು ಪೂರ್ತಿ ರದ್ದು ಮಾಡಿದಂತೆ ನಿವೃತ್ತಿಯವರೆಗೂ ವ್ಯತ್ಯಾಸ ಎಳೆದುಕೊಂಡು ಹೋಗಿರುತ್ತಾರೆ. ಒಂದು ವರ್ಷ ಕಳೆದ ಮೇಲೆ ನಿಮಗೆ ನ್ಯಾಯವಾಗಿ ಬರಬೇಕಿದ್ದ ಬಡ್ತಿಯನ್ನು ‘ಪಾವತಿಸಬೇಕಿದ್ದ’ ಕಾಲಂನಲ್ಲಿ ಹಾಕಿಯೇ ಇರುವುದಿಲ್ಲ. ಇದೊಂದನ್ನು ಸರಿಪಡಿಸಿದರೆ ಲಕ್ಷಗಳು ಸಾವಿರಗಳಿಗೆ ಇಳಿಯುವುದುಂಟು. ಹಿಂದಿನ ಬಡ್ತಿ ಮುಂದೆ ಹೋದರೆ ನಂತರದ ಬಡ್ತಿಗಳ ದಿನಾಂಕಗಳೂ ಮರುಪರಿಶೀಲನೆಯಾಗಬೇಕು. ಅಲ್ಲಿ ನಿಮಗೆ ಬರಬೇಕಾದದ್ದೂ ಇರಬಹುದು.

ಎರಡನೆಯದು ವೇತನ ಆಯೋಗದ ಕಾಲ್ಪನಿಕ ಅವಧಿ. ರಾಜ್ಯದ ಆರನೇ ವೇತನ ಆಯೋಗದ ಶ್ರೇಣಿ 1-7-2017ರಿಂದ ಜಾರಿ ಎಂದಾದರೂ ಆರ್ಥಿಕ ಲಾಭ ಕೈಗೆ ಬಂದದ್ದು 1-4-2018ರಿಂದ. ಏಳನೆಯದು 1-7-2022ರಿಂದ ಜಾರಿ, ಹಣ ಮಾತ್ರ 1-8-2024ರಿಂದ. ನಡುವಿನ ಒಂಬತ್ತು ತಿಂಗಳು, ಇಪ್ಪತ್ತೈದು ತಿಂಗಳು ಕಾಗದದ ಮೇಲಿನ ಏರಿಕೆ ಅಷ್ಟೇ. ಗಣಕದಲ್ಲಿ ಹೊಸ ಶ್ರೇಣಿಯ ಅಂಕಿಗಳನ್ನು ಜಾರಿಯ ದಿನದಿಂದಲೇ ಹಾಕಿಬಿಟ್ಟರೆ, ನಿಮ್ಮ ಕೈಗೆ ಬಾರದ ಹಣವನ್ನೂ ‘ಹೆಚ್ಚುವರಿ’ ಎಂದು ವಾಪಸ್ ಕೇಳಿದಂತಾಗುತ್ತದೆ. ಬ್ಯಾಂಕ್ ಪಾಸ್‌ಬುಕ್ಕಿನ ಆ ತಿಂಗಳುಗಳ ನಮೂದನ್ನು ತಖ್ತೆಯ ಪಕ್ಕದಲ್ಲಿಟ್ಟು ನೋಡಿ, ತಾಳೆಯಾಗದಿದ್ದರೆ ಅಲ್ಲೇ ಗುರುತು ಹಾಕಿ.

ಮೂರನೆಯದು ಕುಟುಂಬ ಪಿಂಚಣಿಯ ಹೆಚ್ಚಿನ ದರ. ನೌಕರರು ತೀರಿಕೊಂಡ ಮೇಲೆ ಕೆಲವು ವರ್ಷ ಹೆಚ್ಚಿನ ದರದಲ್ಲಿ, ನಂತರ ಸಾಮಾನ್ಯ ದರದಲ್ಲಿ ಪಿಂಚಣಿ. ಕೇಂದ್ರದ ನಿಯಮದಲ್ಲಿ ಹೆಚ್ಚಿನ ದರ ಕೊನೆಯ ವೇತನದ ಶೇ. 50, ಸಾಮಾನ್ಯ ದರ ಶೇ. 30. ಹೆಚ್ಚಿನ ದರ ಯಾವ ದಿನಾಂಕದವರೆಗೆ ಎಂಬುದು ಪಿಂಚಣಿ ಪಾವತಿ ಆದೇಶದಲ್ಲೇ ಇರುತ್ತದೆ. ಬ್ಯಾಂಕಿನವರು ಆ ದಿನಾಂಕವನ್ನು ತಂತ್ರಾಂಶದಲ್ಲಿ ನಮೂದಿಸದೆ ಬಿಟ್ಟರೆ ಹೆಚ್ಚಿನ ದರ ವರ್ಷಗಟ್ಟಲೆ ಓಡುತ್ತಲೇ ಇರುತ್ತದೆ. ಕೊನೆಯ ವೇತನ 30,000 ರೂ. ಎಂದಿಟ್ಟುಕೊಂಡರೆ ತಿಂಗಳ ವ್ಯತ್ಯಾಸ 6,000 ರೂ.; 31-3-2017ಕ್ಕೆ ನಿಲ್ಲಬೇಕಿದ್ದುದು 30-9-2024ರವರೆಗೆ ಓಡಿದರೆ ತೊಂಬತ್ತು ತಿಂಗಳು, ತುಟ್ಟಿಭತ್ಯೆ ಸೇರಿಸುವ ಮೊದಲೇ 5,40,000 ರೂ. ಇಂಥ ಕಡೆ ಲೆಕ್ಕ ಸಾಮಾನ್ಯವಾಗಿ ಸರಿಯೇ ಇರುತ್ತದೆ. ಇಲ್ಲಿ ಲೆಕ್ಕದ ಮೇಲೆ ಗುದ್ದಾಡಿ ಪ್ರಯೋಜನವಿಲ್ಲ, ನೇರ ಎರಡನೇ ಪ್ರಶ್ನೆಗೆ ಹೋಗಬೇಕು.

ಪಿಂಚಣಿ ಪರಿವರ್ತನೆ ಮಾಡಿಕೊಂಡವರ, ಅಂದರೆ ಪಿಂಚಣಿಯ ಒಂದು ಭಾಗವನ್ನು ಮೊದಲೇ ಒಟ್ಟಿಗೆ ಪಡೆದವರ, ಕಟಾವಣೆ ಶುರುವಾಗದೇ ಇರುವುದು, ತುಟ್ಟಿಭತ್ಯೆ ಕೇಂದ್ರದ ದರದಲ್ಲಿ ಜಮೆಯಾಗುವುದು ಇವೂ ಬ್ಯಾಂಕಿನ ಕಡೆಯ ತಪ್ಪುಗಳೇ. ಹಾಗೆಯೇ, ಬೇಡಿಕೆಯಲ್ಲಿ ಒಟ್ಟು ಮೊತ್ತ ಕೇಳಿರುತ್ತಾರೆ. ಆ ವರ್ಷಗಳಲ್ಲಿ ಅದರ ಮೇಲೆ ಕಡಿದ ಆದಾಯ ತೆರಿಗೆ ನಿಮ್ಮ ಕೈ ಸೇರಿಲ್ಲ. ಕೈಗೆ ಬಂದಷ್ಟನ್ನೇ ಲೆಕ್ಕಕ್ಕಿಡಿ ಎಂದು ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನು ವಸೂಲಿ ಮಾಡಬಹುದೇ ಎಂಬುದು. ಇದಕ್ಕೆ ಎಲ್ಲರೂ ಹೇಳುವ ತೀರ್ಪು ಪಂಜಾಬ್ ಸರ್ಕಾರ ವಿರುದ್ಧ ರಫೀಕ್ ಮಸೀಹ್, 18-12-2014. ಹೆಸರು ಎಲ್ಲರಿಗೂ ಗೊತ್ತು, ಒಳಗೇನಿದೆ ಎಂದು ಓದಿದವರು ಕಡಿಮೆ. ಐದು ಸನ್ನಿವೇಶಗಳಲ್ಲಿ ವಸೂಲಿ ಕೂಡದು ಎಂದು ಸುಪ್ರೀಂ ಕೋರ್ಟ್ ಹೇಳಿತು. ಮೂರನೇ ಮತ್ತು ನಾಲ್ಕನೇ ದರ್ಜೆಯ, ಅಂದರೆ ಗ್ರೂಪ್ ಸಿ ಮತ್ತು ಡಿ ನೌಕರರಿಂದ. ನಿವೃತ್ತರಾದವರಿಂದ ಅಥವಾ ವಸೂಲಾತಿ ಆದೇಶದ ಒಂದು ವರ್ಷದೊಳಗೆ ನಿವೃತ್ತರಾಗುವವರಿಂದ. ಆದೇಶ ಹೊರಡುವ ಮೊದಲು ಐದು ವರ್ಷಕ್ಕೂ ಹೆಚ್ಚು ಕಾಲ ಹೆಚ್ಚುವರಿ ಪಾವತಿ ನಡೆದಿದ್ದರೆ. ನೌಕರರಿಂದ ಮೇಲಿನ ಹುದ್ದೆಯ ಕೆಲಸವನ್ನು ತಪ್ಪಾಗಿ ಮಾಡಿಸಿಕೊಂಡು ಅದಕ್ಕೆ ತಕ್ಕ ಸಂಬಳ ಕೊಟ್ಟಿದ್ದರೆ. ಕೊನೆಯದಾಗಿ, ವಸೂಲಿ ಮಾಡುವುದು ಮಾಲೀಕನ ವಸೂಲಿ ಹಕ್ಕಿಗಿಂತ ನೌಕರನ ಮೇಲೆ ಹೆಚ್ಚು ಕ್ರೂರವೂ ಅನ್ಯಾಯವೂ ಆಗುವ ಇನ್ನಾವುದೇ ಸಂದರ್ಭದಲ್ಲಿ. ಇವುಗಳಲ್ಲಿ ಒಂದಕ್ಕೆ ನೀವು ಹೊಂದಿದರೂ ಸಾಕು. ಗ್ರೂಪ್ ಸಿಗೆ ಸೇರಿದ ನಿವೃತ್ತ ಎಫ್.ಡಿ.ಎ. (ಪ್ರಥಮ ದರ್ಜೆ ಸಹಾಯಕ) ಒಬ್ಬರಿಗೆ ಹನ್ನೆರಡು ವರ್ಷ ಹಿಂದಿನಿಂದ ಬೇಡಿಕೆ ಬಂದಿದ್ದರೆ ಮೂರು ಸನ್ನಿವೇಶಗಳಿಗೆ ಹೊಂದುತ್ತಾರೆ. ಆಗ ಮೂರನ್ನೂ ಬರೆಯಬೇಕು, ಏಕೆ ಎಂಬುದು ಮುಂದೆ ಗೊತ್ತಾಗುತ್ತದೆ.

‘ಅದೆಲ್ಲ ಕೇಂದ್ರದವರಿಗೆ’ ಎಂದು ಕಚೇರಿಯಲ್ಲಿ ಹೇಳುವುದುಂಟು. ಕೇಂದ್ರದ ಸಿಬ್ಬಂದಿ ಇಲಾಖೆ ಈ ತೀರ್ಪನ್ನು ಅಳವಡಿಸಿಕೊಂಡು 2-3-2016ರಂದು ಜ್ಞಾಪನ ಹೊರಡಿಸಿದ್ದು ನಿಜ; ಅದರಲ್ಲಿ ಮನ್ನಾಕ್ಕೆ ವೆಚ್ಚ ಇಲಾಖೆಯ ಒಪ್ಪಿಗೆ ಬೇಕೆಂದೂ ಇದೆ. ಆದರೆ ಸುಪ್ರೀಂ ಕೋರ್ಟ್ ಸಾರಿದ ಕಾನೂನು ಸಂವಿಧಾನದ 141ನೇ ವಿಧಿಯಂತೆ ದೇಶದ ಎಲ್ಲ ನ್ಯಾಯಾಲಯಗಳಿಗೂ ಅನ್ವಯ. ರಾಜ್ಯದ ಸುತ್ತೋಲೆ ಬಂದಿದೆಯೋ ಇಲ್ಲವೋ ಎಂಬುದರ ಮೇಲೆ ಅದು ನಿಂತಿಲ್ಲ.

ಇಲಾಖೆಯ ವಕೀಲರು ಎದುರಿಗಿಡುವ ತೀರ್ಪುಗಳು ಎರಡು. ಚಂಡಿ ಪ್ರಸಾದ್ ಉನಿಯಾಲ್, 2012: ಹೆಚ್ಚು ಹೋದದ್ದು ತೆರಿಗೆದಾರರ ಹಣ, ಮೋಸವಿರಲಿ ಬಿಡಲಿ ವಸೂಲಿ ಮಾಡಬಹುದು. ಇದು ರಫೀಕ್ ಮಸೀಹ್‌ಗಿಂತ ಹಿಂದಿನದು ಎಂಬುದು ನಿಮ್ಮ ಉತ್ತರ. ನಿಜವಾಗಿ ಹೆದರಬೇಕಾದದ್ದು ಇನ್ನೊಂದಕ್ಕೆ, 2016ರ ಜುಲೈನ ಜಗದೇವ್ ಸಿಂಗ್ ಪ್ರಕರಣಕ್ಕೆ. ಅಲ್ಲಿ ನಿವೃತ್ತರಾಗಿದ್ದವರು ನ್ಯಾಯಾಂಗ ಅಧಿಕಾರಿ. ಪರಿಷ್ಕೃತ ವೇತನಕ್ಕೆ ಒಪ್ಪಿಗೆ ಕೊಡುವಾಗ ‘ಹೆಚ್ಚು ಪಾವತಿಯಾದರೆ ಹಿಂದಿರುಗಿಸುತ್ತೇನೆ’ ಎಂದು ಮುಚ್ಚಳಿಕೆ ಬರೆದುಕೊಟ್ಟಿದ್ದರು. ಎಚ್ಚರಿಕೆ ಕೊಟ್ಟೇ ಹಣ ಕೊಟ್ಟಿದ್ದಾರೆ, ಆದ್ದರಿಂದ ನಿವೃತ್ತಿಯ ವಿನಾಯಿತಿ ಇಲ್ಲಿ ಅನ್ವಯವಾಗದು ಎಂದು ನ್ಯಾಯಾಲಯ ಹೇಳಿ ಎರಡು ವರ್ಷಗಳ ಕಂತುಗಳಲ್ಲಿ ವಸೂಲಿಗೆ ಅವಕಾಶ ಕೊಟ್ಟಿತು.

ಮುಚ್ಚಳಿಕೆ ಪತ್ರ ಅಷ್ಟು ಮುಖ್ಯವಾಗುವುದು ಇದಕ್ಕೇ. ವೇತನ ಆಯೋಗ ಬಂದಾಗಲೆಲ್ಲ ಆಯ್ಕೆ ಪತ್ರದ ಜೊತೆ ಒಂದು ಅಚ್ಚಾದ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡಿರುತ್ತಾರೆ, ಯಾರಿಗೂ ನೆನಪಿರುವುದಿಲ್ಲ. ಅದು ಇದೆ ಎಂದರೆ ಕೇಸು ಮುಗಿಯಿತು ಎಂದು ತಿಳಿಯಬೇಕಿಲ್ಲ. ಜಗದೇವ್ ಸಿಂಗ್ ತೀರ್ಪು ಚರ್ಚಿಸಿದ್ದು ಎರಡನೇ ಸನ್ನಿವೇಶವನ್ನು, ಅಂದರೆ ನಿವೃತ್ತಿಯನ್ನು ಮಾತ್ರ. ಗ್ರೂಪ್ ಸಿ ಎಂಬುದು, ಐದು ವರ್ಷ ಮೀರಿದೆ ಎಂಬುದು ಬೇರೆ ನೆಲೆಗಳು. ಹೊಂದುವ ಎಲ್ಲವನ್ನೂ ಬರೆಯಿರಿ ಎಂದದ್ದು ಈ ಕಾರಣಕ್ಕೆ. ಮುಚ್ಚಳಿಕೆ ಯಾವುದಕ್ಕೆ ಕೊಟ್ಟದ್ದು ಎಂಬುದನ್ನೂ ಓದಿ ನೋಡಿ: 2018ರ ವೇತನ ಪರಿಷ್ಕರಣೆಗೆ ಕೊಟ್ಟ ಮುಚ್ಚಳಿಕೆಯನ್ನು 2006ರ ಕಾಲಮಿತಿ ಬಡ್ತಿಯ ತಪ್ಪಿಗೆ ಅಂಟಿಸಲು ಬರುವುದಿಲ್ಲ. ನಿವೃತ್ತಿಯ ವಾರದಲ್ಲಿ, ‘ಸಹಿ ಹಾಕದಿದ್ದರೆ ಪಿಂಚಣಿ ಕಡತ ಮುಂದೆ ಹೋಗಲ್ಲ’ ಎಂದು ಹೇಳಿ ಹಾಕಿಸಿಕೊಂಡದ್ದಾದರೆ ಆ ಸಂದರ್ಭವನ್ನು ದಿನಾಂಕ ಸಮೇತ ಬರೆಯಿರಿ.

ನನ್ನ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ಜನ ಮಾಡಿಕೊಳ್ಳುವ ದೊಡ್ಡ ಹಾನಿ ಇದೇ: ಉಪದಾನದ (ಗ್ರಾಚ್ಯುಟಿ) ಹಣ ಬೇಗ ಬರಲಿ ಎಂಬ ಆತುರಕ್ಕೆ ‘ವಸೂಲಾತಿಗೆ ನನ್ನ ಸಮ್ಮತಿ ಇದೆ’ ಎಂಬ ಪತ್ರಕ್ಕೆ ಸಹಿ ಹಾಕುವುದು. ಮಗಳ ಮದುವೆಯೋ ಮನೆ ಸಾಲವೋ ಇದ್ದಾಗ ಆ ಒತ್ತಡ ಅರ್ಥವಾಗುತ್ತದೆ. ಹಾಕಲೇಬೇಕಾದ ಪರಿಸ್ಥಿತಿ ಇದ್ದರೆ ಸಹಿಯ ಮೇಲೆ ಕೈಬರಹದಲ್ಲೇ ‘ನನ್ನ ಆಕ್ಷೇಪಣೆ ಹಾಗೂ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕನ್ನು ಕಾಯ್ದಿರಿಸಿಕೊಂಡು’ ಎಂದು ಬರೆದು, ಅದರ ಫೋಟೋ ತೆಗೆದಿಟ್ಟುಕೊಂಡು ಕೊಡಿ. ಅಷ್ಟು ಸಾಲು ಮುಂದೆ ಬಹಳ ಕೆಲಸಕ್ಕೆ ಬರುತ್ತದೆ.

ಮೋಸ, ಸುಳ್ಳು ದಾಖಲೆ, ಮುಚ್ಚಿಟ್ಟ ಸಂಗತಿ ಇದ್ದವರಿಗೆ ಈ ಯಾವ ರಕ್ಷಣೆಯೂ ಇಲ್ಲ. 2009ರ ಸೈಯದ್ ಅಬ್ದುಲ್ ಖಾದಿರ್ ತೀರ್ಪು ಸ್ಪಷ್ಟವಾಗಿ ಹೇಳಿದೆ: ಈ ರಿಯಾಯಿತಿ ನೌಕರನ ಹಕ್ಕು ಅಂತಲ್ಲ, ನ್ಯಾಯದೃಷ್ಟಿಯಿಂದ ಕೊಡುವುದು, ಹೆಚ್ಚು ಬರುತ್ತಿದೆ ಎಂದು ನೌಕರನಿಗೆ ಗೊತ್ತಿದ್ದರೆ, ಅಥವಾ ತಪ್ಪು ಸ್ವಲ್ಪ ಕಾಲದಲ್ಲೇ ಪತ್ತೆಯಾಗಿ ಸರಿಯಾಗಿದ್ದರೆ ನ್ಯಾಯಾಲಯ ವಸೂಲಿಗೆ ಬಿಡಬಹುದು. ಮೂರು ತಿಂಗಳು ಎರಡೆರಡು ಸಂಬಳ ಜಮೆಯಾಗಿದ್ದರೆ ರಫೀಕ್ ಮಸೀಹ್ ಹಿಡಿದುಕೊಂಡು ಓಡಾಡಬೇಡಿ, ಕಟ್ಟಿಬಿಡಿ. ಪಿಂಚಣಿದಾರರು ತೀರಿಕೊಂಡ ನಂತರ ಖಾತೆಗೆ ಬಂದ ಪಿಂಚಣಿಯೂ ಅಷ್ಟೇ. ಅಪ್ಪನ ಎ.ಟಿ.ಎಂ. ಕಾರ್ಡಿನಲ್ಲಿ ಮಗ ಅದನ್ನು ತೆಗೆಯುತ್ತಾ ಹೋದರೆ ವಿಷಯ ಪೊಲೀಸ್ ಠಾಣೆಗೆ ಹೋಗುತ್ತದೆ. ಸತ್ತವರ ಬಾಕಿಯನ್ನು ಹೆಂಡತಿಯ ಕುಟುಂಬ ಪಿಂಚಣಿಯಿಂದ ಮುರಿಯುತ್ತೇವೆ ಎಂದರೆ ಮಾತ್ರ ತಕರಾರು ತೆಗೆಯಿರಿ. ಕುಟುಂಬ ಪಿಂಚಣಿ ಸತ್ತವರ ಆಸ್ತಿಯ ಭಾಗವಲ್ಲ ಎಂದು 1991ರಲ್ಲೇ ವಯೊಲೆಟ್ ಐಸಾಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾರಣ ಕೇಳಿ ನೋಟಿಸ್ ಕೊಡದೆ ನೇರವಾಗಿ ಕಟಾವಣೆ ಶುರುಮಾಡಿದ್ದರೆ ಅದೊಂದೇ ಆದೇಶ ಬೀಳಲು ಸಾಕಾಗುತ್ತದೆ. 1994ರ ಭಗವಾನ್ ಶುಕ್ಲಾ ಪ್ರಕರಣದಲ್ಲಿ ರೈಲ್ವೆ ನೌಕರನ ವೇತನವನ್ನು ಇಪ್ಪತ್ತು ವರ್ಷ ಹಿಂದಿನಿಂದ ಇಳಿಸಿದ ಆದೇಶ ಬಿದ್ದದ್ದು ವಿಚಾರಿಸದೆ ಇಳಿಸಿದರು ಎಂಬುದಕ್ಕೇ. ಆದರೆ ಈ ಒಂದೇ ನೆಲೆಯಲ್ಲಿ ಗೆದ್ದರೆ ಇಲಾಖೆ ನೋಟಿಸ್ ಕೊಟ್ಟು ಮತ್ತೆ ಶುರುಮಾಡಬಹುದು, ಅದಕ್ಕೇ ಉಳಿದ ನೆಲೆಗಳೂ ಬೇಕು. ಕರ್ನಾಟಕ ನಾಗರಿಕ ಸೇವಾ ನಿಯಮಾವಳಿಯ (ಕೆ.ಸಿ.ಎಸ್.ಆರ್.) 214ನೇ ನಿಯಮ ಉಲ್ಲೇಖಿಸಿ ಪಿಂಚಣಿಯಲ್ಲಿ ವಸೂಲಿ ಎಂದರೆ, ಆ ನಿಯಮಕ್ಕೆ ಬೇಕಿರುವುದು ಇಲಾಖಾ ವಿಚಾರಣೆಯಲ್ಲೋ ನ್ಯಾಯಾಲಯದಲ್ಲೋ ಸಾಬೀತಾದ ಗಂಭೀರ ದುರ್ನಡತೆ ಅಥವಾ ನಿರ್ಲಕ್ಷ್ಯ ಎಂದು ನೆನಪಿಸಿ. ಕಚೇರಿ ಲೆಕ್ಕ ತಪ್ಪಿದ್ದು ನಿಮ್ಮ ದುರ್ನಡತೆಯಲ್ಲ. ಕೇಂದ್ರದ ಪಿಂಚಣಿದಾರರಿಗೆ ಇನ್ನೊಂದು ಆಸರೆಯಿದೆ: 1972ರ ಪಿಂಚಣಿ ನಿಯಮಗಳ 70ನೇ ನಿಯಮದಂತೆ ಒಮ್ಮೆ ಮಂಜೂರಾದ ಪಿಂಚಣಿಯನ್ನು ಇಳಿಸಲು ಲಿಪಿಕ ದೋಷವೇ (ಬರವಣಿಗೆ, ಲೆಕ್ಕದ ಕೈತಪ್ಪು) ಕಾರಣವಾಗಿರಬೇಕು, ಅದು ಎರಡು ವರ್ಷ ದಾಟಿ ಪತ್ತೆಯಾದರೆ ಪಿಂಚಣಿ ಇಲಾಖೆಯ ಸಹಮತಿ ಬೇಕು. 2021ರ ಹೊಸ ನಿಯಮಗಳಲ್ಲೂ ಇದು ಮುಂದುವರಿದಿದೆ.

ಬ್ಯಾಂಕಿನ ವಿಷಯ ಸ್ವಲ್ಪ ಬೇರೆ. ಖಾತೆ ತೆರೆಯುವಾಗ ನೀವೂ ಒಂದು ಮುಚ್ಚಳಿಕೆ ಕೊಟ್ಟಿರುತ್ತೀರಿ, ಹೆಚ್ಚು ಜಮೆಯಾದರೆ ಬ್ಯಾಂಕ್ ಹಿಂಪಡೆಯಬಹುದು ಎಂದು. ಅದನ್ನೇ ತೋರಿಸಿ ಖಾತೆಗೆ ಲಿಯನ್ ಹಾಕುತ್ತಾರೆ, ಹಣ ಇದ್ದರೂ ತೆಗೆಯಲು ಬರುವುದಿಲ್ಲ. ಇಲ್ಲಿ ಕೇಳಬೇಕಾದ ಪ್ರಶ್ನೆ: ವಸೂಲಿಗೆ ಪಿಂಚಣಿ ಮಂಜೂರಾತಿ ಪ್ರಾಧಿಕಾರದ ಲಿಖಿತ ಸೂಚನೆ ಎಲ್ಲಿದೆ? ರಿಸರ್ವ್ ಬ್ಯಾಂಕ್ 21-1-2021ರಂದು ಹಳೆಯ ಸುತ್ತೋಲೆಗಳನ್ನು ಹಿಂತೆಗೆದುಕೊಂಡು, ವಸೂಲಿಯ ವಿಧಾನಕ್ಕೆ ಆಯಾ ಮಂಜೂರಾತಿ ಪ್ರಾಧಿಕಾರದ ಮಾರ್ಗದರ್ಶನ ಪಡೆಯಿರಿ ಎಂದು ಬ್ಯಾಂಕುಗಳಿಗೆ ತಿಳಿಸಿದೆ. ತಪ್ಪು ಬ್ಯಾಂಕಿನದೇ ಆಗಿದ್ದರೆ ಪಿಂಚಣಿದಾರರಿಂದ ವಸೂಲಾಗುವವರೆಗೆ ಕಾಯದೆ ಇಡೀ ಮೊತ್ತವನ್ನು ಒಮ್ಮೆಲೇ ಸರ್ಕಾರಕ್ಕೆ ಜಮೆ ಮಾಡಬೇಕು ಎಂದೂ ಹೇಳಿದೆ. ಅಂದರೆ ಸರ್ಕಾರದ ಹಣ ಮುಳುಗಿತು ಎಂದು ಬ್ಯಾಂಕಿನ ಕೌಂಟರಿನಲ್ಲಿ ಹೇಳುವ ಮಾತಿಗೆ ತೂಕವಿಲ್ಲ. ತಿಂಗಳ ಪಿಂಚಣಿಯ ಮೂರನೇ ಒಂದು ಭಾಗ ಮುರಿಯಬಹುದು ಎನ್ನುವುದು ಹಿಂದಿನಿಂದ ಬಂದ ರೂಢಿ. ಈಗ ಯಾವ ಆದೇಶದ ಮೇಲೆ ಎಂದು ಬರಹದಲ್ಲಿ ಕೇಳಿ. 2020ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ನೈನಿ ಗೋಪಾಲ್ ಪ್ರಕರಣದಲ್ಲಿ, ಆಯುಧ ಕಾರ್ಖಾನೆಯ ನಿವೃತ್ತ ನೌಕರರೊಬ್ಬರ ಪಿಂಚಣಿಯನ್ನು ತಾನಾಗಿಯೇ ಇಳಿಸಿ ಮುರಿದುಕೊಂಡ ಬ್ಯಾಂಕಿಗೆ ಹಣ ಹಿಂದಿರುಗಿಸಲು ಹೇಳಿ 50,000 ರೂ. ದಂಡ ವೆಚ್ಚವನ್ನೂ ಹಾಕಿತು. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನ ಕಾದ ಮೇಲೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ ಆನ್‌ಲೈನಿನಲ್ಲೇ ದೂರು ಹಾಕಬಹುದು, ಖರ್ಚಿಲ್ಲ.

ಉತ್ತರ ಪತ್ರ ಹೇಗಿರಬೇಕು? ಉದ್ದ ಬೇಡ, ಎರಡು ಪುಟ ಸಾಕು. ಕಣ್ಣೀರು, ವಯಸ್ಸು, ಕಾಯಿಲೆ ಮೊದಲ ಪುಟದಲ್ಲಿ ಬೇಡ. ಒಂದು ಮಾದರಿ:

‘ಮಾನ್ಯರೇ, ಉಲ್ಲೇಖಿತ ನೋಟಿಸಿನಲ್ಲಿ ತಿಳಿಸಿರುವ ಹೆಚ್ಚುವರಿ ಪಾವತಿಯನ್ನು ನಾನು ಒಪ್ಪಿರುವುದಿಲ್ಲ. ಲೆಕ್ಕದ ತಖ್ತೆಯನ್ನು ಒದಗಿಸಿರುವುದಿಲ್ಲ. ಕಾಲಮಿತಿ ವೇತನ ಬಡ್ತಿಯನ್ನು ಮುಂದೂಡಬೇಕಾದ ಕಡೆ ರದ್ದುಪಡಿಸಿ ಲೆಕ್ಕ ಹಾಕಿದಂತೆ ಕಾಣುತ್ತದೆ. ಸದರಿ ವೇತನ ನಿಗದಿಯನ್ನು ಕಚೇರಿಯೇ ಮಾಡಿದ್ದು, ಅದರಲ್ಲಿ ನನ್ನ ಕಡೆಯಿಂದ ಯಾವುದೇ ತಪ್ಪು ಮಾಹಿತಿ ಅಥವಾ ಮರೆಮಾಚುವಿಕೆ ಇರುವುದಿಲ್ಲ. ನಾನು ಗ್ರೂಪ್ ಸಿ ವೃಂದದಿಂದ ನಿವೃತ್ತನಾಗಿದ್ದು, ಪಾವತಿಯ ಅವಧಿ ಐದು ವರ್ಷ ಮೀರಿರುತ್ತದೆ. ಆದ್ದರಿಂದ ರಫೀಕ್ ಮಸೀಹ್ ತೀರ್ಪಿನ ಒಂದು, ಎರಡು ಮತ್ತು ಮೂರನೇ ಅಂಶಗಳಂತೆ ವಸೂಲಾತಿಗೆ ಅವಕಾಶವಿರುವುದಿಲ್ಲ. ನೋಟಿಸನ್ನು ಹಿಂಪಡೆಯಬೇಕು, ತೀರ್ಮಾನವಾಗುವವರೆಗೆ ಕಟಾವಣೆ ಮಾಡಬಾರದು, ಕಾರಣ ಸಹಿತ ಹಿಂಬರಹ ನೀಡಬೇಕು ಎಂದು ಕೋರುತ್ತೇನೆ.’

ಕೊನೆಯ ಕೋರಿಕೆ, ಕಾರಣ ಸಹಿತ ಹಿಂಬರಹ, ಅಂದರೆ ಲಿಖಿತ ಉತ್ತರ, ಬಿಡಲೇಬೇಡಿ. ಅದೇ ಮುಂದೆ ನೀವು ಪ್ರಶ್ನಿಸುವ ಆದೇಶ. ಪತ್ರವನ್ನು ಟಪಾಲು ಶಾಖೆಯಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಮೊಹರು ಹಾಕದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. ನೋಟಿಸಿನ ಗಡುವು ಮುಗಿಯುವ ಮೊದಲೇ ಹೋಗಬೇಕು. ದಾಖಲೆ ಸಿಕ್ಕಿಲ್ಲದಿದ್ದರೆ ‘ದಾಖಲೆ ಬಂದ ಹದಿನೈದು ದಿನದಲ್ಲಿ ಹೆಚ್ಚುವರಿ ಉತ್ತರ ಸಲ್ಲಿಸುತ್ತೇನೆ’ ಎಂದು ಸೇರಿಸಿ, ಆದರೆ ಗಡುವಿನೊಳಗೆ ಏನಾದರೂ ಒಂದು ಉತ್ತರ ಕಡತದಲ್ಲಿರಲಿ. ರಾಜ್ಯ ಸರ್ಕಾರದ ದೂರು ವ್ಯವಸ್ಥೆಯಾದ ಜನಸ್ಪಂದನದ 1902ಕ್ಕೆ ಕರೆ ಮಾಡುವುದು, ಮಹಾಲೇಖಪಾಲರ ಪಿಂಚಣಿ ಅದಾಲತ್ತಿಗೆ ಹೋಗುವುದು ಒಳ್ಳೆಯದೇ, ಲೆಕ್ಕದ ತಪ್ಪುಗಳು ಅಲ್ಲಿ ಬೇಗ ಸರಿಹೋಗುತ್ತವೆ. ರಫೀಕ್ ಮಸೀಹ್ ವಾದವನ್ನು ಒಪ್ಪಿ ಲಕ್ಷಗಟ್ಟಲೆ ಬಿಟ್ಟುಕೊಡುವ ಧೈರ್ಯ ಆ ಮಟ್ಟದ ಅಧಿಕಾರಿಗಳಿಗೆ ಇರುವುದು ಅಪರೂಪ. ಮನ್ನಾ ಮಾಡಿದರೆ ನಾಳೆ ಆಡಿಟ್‌ನವರು ತಮ್ಮ ಮೇಲೆ ಬರೆಯುತ್ತಾರೆ ಎಂಬ ಭಯ. ಕೋರ್ಟ್ ಆದೇಶ ತನ್ನಿ, ಕೊಟ್ಟುಬಿಡುತ್ತೇವೆ ಎಂದು ಅವರೇ ಹೇಳುವುದುಂಟು.

ಎಲ್ಲಿಗೆ ಹೋಗಬೇಕು? ರಾಜ್ಯ ಸಿವಿಲ್ ಸೇವೆಯವರು ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿಗೆ, ಅಂದರೆ ಕೆ.ಎಸ್.ಎ.ಟಿ.ಗೆ; ಬೆಂಗಳೂರಲ್ಲದೆ ಬೆಳಗಾವಿ, ಕಲಬುರಗಿಗಳಲ್ಲೂ ಪೀಠಗಳಿವೆ. ಕೇಂದ್ರದವರು ಕೇಂದ್ರ ಆಡಳಿತ ನ್ಯಾಯಮಂಡಳಿಗೆ (ಸಿ.ಎ.ಟಿ.), ಸೈನ್ಯದಿಂದ ಬಂದವರು ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ. ಅನುದಾನಿತ ಶಾಲೆಯವರು, ಸಾರಿಗೆ ನಿಗಮ, ವಿದ್ಯುತ್ ಕಂಪನಿಗಳವರು ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬೇಕು. ಇಲ್ಲಿ ತಪ್ಪು ಬಾಗಿಲು ತಟ್ಟಿ ವರ್ಷ ಕಳೆದುಕೊಂಡವರಿದ್ದಾರೆ.

ಅವಧಿ ಬಹಳ ಮುಖ್ಯ. 1985ರ ಆಡಳಿತ ನ್ಯಾಯಮಂಡಳಿ ಕಾಯ್ದೆಯಂತೆ ಅಂತಿಮ ಆದೇಶದಿಂದ ಒಂದು ವರ್ಷ. ಮೇಲ್ಮನವಿ ಅಥವಾ ಮನವಿಗೆ ಉತ್ತರವೇ ಬರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ನೆನಪೋಲೆ ಮೇಲೆ ನೆನಪೋಲೆ ಕಳಿಸಿದರೆ ಅವಧಿ ಬೆಳೆಯುತ್ತದೆ ಎಂಬುದು ಭ್ರಮೆ, ಎಸ್.ಎಸ್. ರಾಥೋರ್ ಪ್ರಕರಣದಲ್ಲಿ 1989ರಲ್ಲೇ ಇದು ತೀರ್ಮಾನವಾಗಿದೆ. ಕಟಾವಣೆ ಆಗಲೇ ಶುರುವಾಗಿದ್ದರೆ ಅರ್ಜಿಯ ಜೊತೆಗೇ ಮಧ್ಯಂತರ ತಡೆ ಕೇಳಬೇಕು, ಈವರೆಗೆ ಮುರಿದದ್ದನ್ನು ಬಡ್ಡಿ ಸಮೇತ ಹಿಂದಿರುಗಿಸಲು ಕೋರಬೇಕು. ಕೋರದೇ ಇದ್ದದ್ದು ಆದೇಶದಲ್ಲಿ ಸಿಗುವುದಿಲ್ಲ.

ಖರ್ಚಿನ ಬಗ್ಗೆ ಒಂದು ಮಾತು. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ. 1987ರ ಕಾಯ್ದೆಯ 12ನೇ ಕಲಮು. ಕುಟುಂಬ ಪಿಂಚಣಿ ಪಡೆಯುವವರಲ್ಲಿ ಹೆಚ್ಚಿನವರು ಮಹಿಳೆಯರೇ, ಆದರೂ ಇದನ್ನು ಬಳಸಿಕೊಳ್ಳುವವರು ಕಡಿಮೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಚೇರಿ ಇರುತ್ತದೆ, ದೂರವಾಣಿ 15100.

ಇಷ್ಟೂ ಹೇಳಿದ್ದು ಸಂಬಳ, ಪಿಂಚಣಿಗಳ ಮಾತು. ಪಿಎಂ ಕಿಸಾನ್ ಹಣ ವಾಪಸ್ ಕೇಳಿ ನೋಟಿಸ್ ಬಂದಿದ್ದರೆ ಈ ತೀರ್ಪುಗಳು ನೆರವಿಗೆ ಬರುವುದು ಕಷ್ಟ. ಆದಾಯ ತೆರಿಗೆ ಕಟ್ಟಿದವರು, ತಿಂಗಳಿಗೆ 10,000 ರೂ. ಅಥವಾ ಹೆಚ್ಚು ಪಿಂಚಣಿ ಇರುವವರು (ಗ್ರೂಪ್ ಡಿ ಬಿಟ್ಟು) ಆ ಯೋಜನೆಗೆ ಅರ್ಹರೇ ಅಲ್ಲ, ಅರ್ಹನಿದ್ದೇನೆ ಎಂದು ಘೋಷಿಸಿದ್ದು ಅರ್ಜಿದಾರರೇ. ಅಲ್ಲಿ ಪರಿಶೀಲಿಸಬೇಕಾದದ್ದು ಯಾವ ವರ್ಷದಿಂದ ಅನರ್ಹತೆ ಎಂಬುದಷ್ಟೇ. ತೆರಿಗೆ ಕಟ್ಟಿದ್ದು ಒಂದೇ ವರ್ಷವಾದರೆ ಎಲ್ಲ ಕಂತುಗಳನ್ನೂ ಕೇಳಿದ್ದಾರೆಯೇ ನೋಡಿ.

ಕೇಸು ಗೆದ್ದ ಮೇಲೆ ಹಣ ತಾನಾಗಿ ಬರುವುದಿಲ್ಲ. ಆದೇಶದ ದೃಢೀಕೃತ ಪ್ರತಿ ಪಡೆದು, ಒಂದನ್ನು ಕಚೇರಿ ಮುಖ್ಯಸ್ಥರಿಗೆ, ಒಂದನ್ನು ಮಹಾಲೇಖಪಾಲರಿಗೆ, ಒಂದನ್ನು ಖಜಾನೆಗೆ, ಬ್ಯಾಂಕ್ ಮುರಿದಿದ್ದರೆ ಅದರ ಪಿಂಚಣಿ ಸಂಸ್ಕರಣಾ ಕೇಂದ್ರಕ್ಕೂ ಮುಖಪತ್ರದೊಂದಿಗೆ ಕೊಡಿ. ಮುಖಪತ್ರದಲ್ಲಿ ಯಾವ ತಿಂಗಳು ಎಷ್ಟು ಮುರಿದಿದ್ದಾರೆ ಎಂಬ ಪಟ್ಟಿ ಇರಲಿ. ಅದನ್ನು ಅವರೇ ತಯಾರಿಸಲಿ ಎಂದು ಬಿಟ್ಟರೆ ಮೂರು ತಿಂಗಳು ಅದಕ್ಕೇ ಹೋಗುತ್ತದೆ. ಪಾಲನೆಗೆ ಆದೇಶದಲ್ಲೇ ಗಡುವು ಇದ್ದರೆ ಆ ದಿನವನ್ನು ಬರೆದಿಟ್ಟುಕೊಳ್ಳಿ. ಗಡುವು ದಾಟಿದ ಒಂದು ವರ್ಷದೊಳಗೆ ನ್ಯಾಯಾಂಗ ನಿಂದನೆ ಅರ್ಜಿ ಹಾಕಬೇಕು, ಅದರ ನಂತರ ಹಾಕಲು ಬರುವುದಿಲ್ಲ.